ದಾರ ಕಾಣುತ್ತಿಲ್ಲ ಎಂದರೆ ಸುಮ್ಮನೆ ವಾಪಸ್ ಬರಬೇಡಿ

ಸೋಮವಾರಪೇಟೆ ಕಡೆಯ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಕಷ್ಟ ಬರೆದಿದ್ದರು. ಎರಡನೇ ಹೆರಿಗೆಯಾದಾಗ ಹಾಕಿದ ಕಾಪರ್-ಟಿ (ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಇಡುವ ಸಣ್ಣ ಸಾಧನ) ತೆಗೆಸಲು ಹೋದರೆ, ಅದನ್ನು ಹಿಡಿದು ಎಳೆಯುವ ದಾರ ಸಿಗುತ್ತಿಲ್ಲ ಎಂದು ಎರಡು ಸಲ ವಾಪಸ್ ಕಳಿಸಿದ್ದಾರೆ. ಎರಡನೇ ಸಲ ತುಂಬಾ ನೋವಾಗಿದೆ. ಮನೆಯಲ್ಲಿ ‘ಇದ್ದರೆ ಇರಲಿ ಬಿಡು’ ಎನ್ನುತ್ತಾರೆ. ಅವರಿಗೆ ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ತಂಗಿ, ನಿಮ್ಮ ಪತ್ರ ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ನಾನೂ ಹೀಗೇ ಅಲೆದವಳು. ಸಿಸೇರಿಯನ್ ಆದಾಗಲೇ ನನಗೆ ಕಾಪರ್-ಟಿ ಇಟ್ಟಿದ್ದರು. ಮಗುವಿಗೆ ಮೂರು ವರ್ಷ ತುಂಬಿದ ಮೇಲೆ ತೆಗೆಸೋಣ ಎಂದು ಹೋದೆ. ಆಗ ಕಾಫಿ ಕೊಯ್ಲಿನ ಸಮಯ, ಒಂದು ದಿನ ಹೋದರೆ ಒಂದು ದಿನದ ಕೂಲಿ ಹೋಯಿತು. ಅಲ್ಲಿ ಚಿಮಟ ಹಾಕಿ ಹುಡುಕಿದರು, ಹುಡುಕಿದರು, ನಾನು ಮಂಚದ ಕಂಬಿ ಹಿಡಿದು ಅತ್ತೆ. ಕೊನೆಗೆ ‘ದಾರ ಇಲ್ಲ, ಬಿದ್ದು ಹೋಗಿರಬೇಕು’ ಎಂದರು. ನಂಬಿ ಮನೆಗೆ ಬಂದುಬಿಟ್ಟೆ. ಇನ್ನೊಂದು ಮಗು ಬೇಕು ಎಂದು ಎಂಟು ತಿಂಗಳು ಕಾದೆವು. ಆಗಲಿಲ್ಲ. ಮಡಿಕೇರಿಯಲ್ಲಿ ಸ್ಕ್ಯಾನಿಂಗ್ ಮಾಡಿಸಿದರೆ ಕಾಪರ್-ಟಿ ಒಳಗೇ ಇದೆ! ಇರಬೇಕಾದ ಜಾಗದಲ್ಲೇ ಇದೆ. ದಾರ ಮಾತ್ರ ಸುರುಳಿ ಸುತ್ತಿಕೊಂಡು ಮೇಲೆ ಹೋಗಿತ್ತು.

ಅಲ್ಲಿನ ಡಾಕ್ಟರಮ್ಮ ಮುಟ್ಟಿನ ಎರಡನೇ ದಿನ ಬರಲು ಹೇಳಿದರು. ಆಗ ಗರ್ಭಕೋಶದ ಬಾಯಿ ಸ್ವಲ್ಪ ಸಡಿಲವಾಗಿರುತ್ತದಂತೆ. ಮುಟ್ಟಿನಲ್ಲಿ ಹೋಗಿ ಮಲಗುವುದು ಹೇಗೆ ಎಂದು ನನಗೆ ಬಹಳ ನಾಚಿಕೆಯಾಗಿತ್ತು. ‘ದಿನಾ ನೋಡುತ್ತೇವಮ್ಮ’ ಎಂದರು. ಸಣ್ಣ ಚಿಮಟದಿಂದ ನಿಧಾನಕ್ಕೆ ಎಳೆದರು. ಹೊಟ್ಟೆ ಹಿಂಡಿದ ಹಾಗಾಯಿತು, ಅಷ್ಟೇ. ಅದಕ್ಕೇ ಹೇಳುತ್ತಿದ್ದೇನೆ, ಇನ್ನೊಂದು ಸಲ ಯಾರಾದರೂ ಹುಡುಕಲು ಶುರು ಮಾಡಿದರೆ ಬಾಯಿಬಿಟ್ಟು ಹೇಳಿ: ‘ಮೊದಲು ಸ್ಕ್ಯಾನ್ ಮಾಡಿ ಎಲ್ಲಿದೆ ನೋಡಿ, ಆಮೇಲೆ ತೆಗೆಯಿರಿ. ನೋವಾದರೆ ನಿಲ್ಲಿಸಿ.’ ಹೀಗೆ ಕೇಳುವುದು ಜಗಳ ಅಲ್ಲ.
(ಓದುಗರು, ಪೊನ್ನಂಪೇಟೆ)

ನನ್ನದು ಬೇರೆ ತೊಂದರೆ. ದಾರ ಕಾಣುತ್ತಿತ್ತು, ಆದರೂ ತೆಗೆಯಲಿಲ್ಲ. ‘ಇನ್ನೂ ಅವಧಿ ಇದೆಯಲ್ಲ, ಗಂಡನನ್ನು ಕರೆದುಕೊಂಡು ಬಾ’ ಎಂದು ಕಳಿಸಿದರು. ಗಂಡ ದುಬೈನಲ್ಲಿದ್ದಾರೆ! ಬೇರೆ ಕಡೆ ಹೋಗಿ ತೆಗೆಸಿಕೊಂಡೆ. ತೆಗೆಸಲು ಗಂಡನ ಸಹಿ ಬೇಕು ಎಂಬ ಕಾನೂನು ಇಲ್ಲ. ಕಾರಣ ಹೇಳಬೇಕಾಗಿಯೂ ಇಲ್ಲ. ಬೇಡ ಅನ್ನಿಸಿದ ದಿನ ತೆಗೆಸಬಹುದು.
(ಓದುಗರು, ಕುಶಾಲನಗರ)

ನಾನು ನಿವೃತ್ತ ಆರೋಗ್ಯ ಸಹಾಯಕಿ. ನಮ್ಮ ಕಾಲದಲ್ಲಿ ಇದನ್ನು ವಂಕಿ ಎನ್ನುತ್ತಿದ್ದರು. ತೋಟದ ಕೆಲಸಗಾರರ ಲೈನ್ ಮನೆಗಳಿಗೆ ಹೋದರೆ ‘ವಂಕಿ ಎದೆಗೆ ಏರುತ್ತದಂತೆ ಹೌದಾ ಅಕ್ಕ’ ಎಂದು ಕೇಳುತ್ತಿದ್ದರು. ಏರುವುದಿಲ್ಲ. ಈ ಹೆದರಿಕೆ ಈಗಲೂ ಪೂರ್ತಿ ಹೋಗಿಲ್ಲ.

ಹೆರಿಗೆಯಾದ ತಕ್ಷಣ, ಅಥವಾ 48 ಗಂಟೆಯೊಳಗೆ ಹಾಕಿದಾಗ ಗರ್ಭಕೋಶ ಇನ್ನೂ ದೊಡ್ಡದಾಗಿರುತ್ತದೆ. ಅದು ಕುಗ್ಗುತ್ತಾ ಬಂದಾಗ ದಾರ ಸಾಮಾನ್ಯವಾಗಿ ಕೆಳಗೆ ಇಳಿಯುತ್ತದೆ. ಕೆಲವರಲ್ಲಿ ಇಳಿಯುವುದೇ ಇಲ್ಲ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ ಮಗಳೇ. ದಾರ ಕಾಣದಿದ್ದರೆ ಮೊದಲು ಗರ್ಭಿಣಿಯಲ್ಲ ಎಂದು ಮೂತ್ರ ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳಬೇಕು. ನಂತರ ಸ್ಕ್ಯಾನಿಂಗ್. ಅದರಲ್ಲೂ ಕಾಣದಿದ್ದರೆ ಹೊಟ್ಟೆಯ ಎಕ್ಸ್‌ರೇ ತೆಗೆಸಬೇಕು. ಎಕ್ಸ್‌ರೇ ತೆಗೆಯದೆ ‘ಬಿದ್ದು ಹೋಗಿದೆ’ ಎಂದರೆ ಒಪ್ಪಬೇಡಿ. ಅಪರೂಪಕ್ಕೆ ಅದು ಗರ್ಭಕೋಶ ದಾಟಿ ಹೊಟ್ಟೆಯೊಳಗೆ ಹೋಗಿರುತ್ತದೆ, ಎಕ್ಸ್‌ರೇಯಲ್ಲಿ ಕಾಣುತ್ತದೆ. ಗರ್ಭಕೋಶದಲ್ಲೇ ಇದ್ದು ಚಿಮಟಕ್ಕೆ ಸಿಗದಿದ್ದರೆ ಹಿಸ್ಟರೋಸ್ಕೋಪಿ ಮಾಡುತ್ತಾರೆ. ಸಣ್ಣ ಕ್ಯಾಮೆರಾ ಹಾಕಿ ನೋಡಿಕೊಂಡೇ ತೆಗೆಯುವುದು. ಇದೆಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಗುವ ಕೆಲಸ ಅಲ್ಲ. ಸ್ತ್ರೀರೋಗ ತಜ್ಞರಿರುವ ಆಸ್ಪತ್ರೆಗೇ ಹೋಗಬೇಕು. ‘ರೆಫರ್ ಮಾಡಿ ಬರೆದುಕೊಡಿ’ ಎಂದು ಚೀಟಿ ಕೇಳಿ ಪಡೆಯಿರಿ.

ಹಾಕಿದಾಗ ಕೊಟ್ಟ ಕಾರ್ಡ್ ಇದ್ದರೆ ತೆಗೆದುಕೊಂಡು ಹೋಗಿ. ಕಾಪರ್-ಟಿಯಲ್ಲಿ 380ಎ ಎಂಬ ಬಗೆ ಆದರೆ 10 ವರ್ಷ, 375 ಎಂಬ ಬಗೆ ಆದರೆ 5 ವರ್ಷ ಬಾಳಿಕೆ. ಸ್ಕ್ಯಾನಿಂಗ್‌ನಲ್ಲಿ ಜಾಗದಲ್ಲೇ ಇದೆ ಎಂದು ಗೊತ್ತಾಗಿ, ಅವಧಿಯೂ ಇದ್ದರೆ ತೆಗೆಸಲು ನಾಳೆಯೇ ಓಡಬೇಕಾಗಿಲ್ಲ. ಆದರೆ ಜ್ವರ, ಕೆಟ್ಟ ವಾಸನೆಯ ಬಿಳಿಸೆರಗು, ಕಿಬ್ಬೊಟ್ಟೆ ನೋವು ಬಂದರೆ ಅಥವಾ ಮುಟ್ಟು ನಿಂತರೆ ಅದೇ ದಿನ ಹೋಗಿ. ಕಾಪರ್-ಟಿ ಇದ್ದೂ ಗರ್ಭ ನಿಂತರೆ ಅದು ಗರ್ಭಕೋಶದ ಬದಲು ಗರ್ಭನಾಳದಲ್ಲಿ ನಿಂತಿರಬಹುದು, ಅದು ಅಪಾಯ. ಇನ್ನೊಂದು ಮಾತು. ಈಗ ಮಗು ಬೇಡ ಎಂದಿದ್ದರೆ, ತೆಗೆಸುವ ಮುಂಚಿನ ಏಳು ದಿನ ಗಂಡಹೆಂಡತಿ ಸೇರಬೇಡಿ, ಇಲ್ಲವೇ ಕಾಂಡೋಮ್ ಬಳಸಿ. ತೆಗೆದ ಕೂಡಲೇ ಗರ್ಭ ನಿಲ್ಲಬಹುದು. ಇದನ್ನು ಎಷ್ಟೋ ಜನರಿಗೆ ಯಾರೂ ಹೇಳುವುದೇ ಇಲ್ಲ.
(ಓದುಗರು, ವಿರಾಜಪೇಟೆ)

‘ಇರಲಿ ಬಿಡು’ ಎನ್ನುವವರ ಮಾತು ಕೇಳಬೇಡಿ. ನಾನು ಕೇಳಿದೆ. 1994ರಲ್ಲಿ ಹಾಕಿಸಿದ್ದು, ಮಕ್ಕಳು, ತೋಟ, ಅತ್ತೆಯ ಕಾಯಿಲೆ ಅಂತ ಮರೆತೇಬಿಟ್ಟೆ. ಮುಟ್ಟು ನಿಂತು ಐದಾರು ವರ್ಷವಾದ ಮೇಲೆ ರಕ್ತ ಕಾಣಿಸಿತು. ಕ್ಯಾನ್ಸರ್ ಎಂದು ಹೆದರಿ ಹೋದರೆ, ಒಳಗೆ ಹಳೆಯ ಕಾಪರ್-ಟಿ. ವಯಸ್ಸಾದ ಮೇಲೆ ಗರ್ಭಕೋಶದ ಬಾಯಿ ಬಿಗಿದುಕೊಳ್ಳುತ್ತದೆ. ನನಗೆ ಅರಿವಳಿಕೆ ಕೊಟ್ಟೇ ತೆಗೆಯಬೇಕಾಯಿತು. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ತೆಗೆಸಿಬಿಡಬೇಕಂತೆ. ನನಗೆ ಗೊತ್ತೇ ಇರಲಿಲ್ಲ. ನನ್ನ ವಯಸ್ಸಿನವರು ಇದನ್ನು ಓದುತ್ತಿದ್ದರೆ ಒಮ್ಮೆ ನೆನಪು ಮಾಡಿಕೊಳ್ಳಿ, ಹಾಕಿಸಿದ್ದನ್ನು ತೆಗೆಸಿದ್ದೀರಾ?

ತಂಗಿ, ಮೂರನೇ ಸಲ ಒಬ್ಬಳೇ ಹೋಗಲು ಧೈರ್ಯ ಬರುವುದಿಲ್ಲ, ಅಲ್ವಾ? ಪತ್ರಿಕೆಯವರಿಗೆ ತಿಳಿಸಿ. ನಾನು ನಾಪೋಕ್ಲಿನಿಂದ ಬೆಳಗಿನ ಬಸ್ಸಿಗೆ ಹೊರಟು ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತೇನೆ. ಒಳಗೂ ಜೊತೆಗೆ ಬರುತ್ತೇನೆ.
(ಓದುಗರು, ನಾಪೋಕ್ಲು)