ಪದ ಬೇಕು: ಎಲೆ ಇಲ್ಲದ, ಹಕ್ಕಿ ಬೇಡದ ಬಂದಳಿಕೆಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಸಿಗದೆ ಒದ್ದಾಡ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ನಾನಿರುವುದು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ. ಕಾಡಿನಲ್ಲಿ ಮರ ಎಣಿಸುವುದು ನನ್ನ ಕೆಲಸ. ಎಷ್ಟು ಮರ, ಎಷ್ಟು ದಪ್ಪ, ಏನು ರೋಗ, ಇಷ್ಟೇ. ಇಲ್ಲಿನ ಕನ್ನಡ ಬಳಗದವರು ಹಬ್ಬದ ಸಂಚಿಕೆಗೆ ನಿಮ್ಮ ಕೆಲಸದ ಬಗ್ಗೆ ಏನಾದರೂ ಬರೆದುಕೊಡಿ ಅಂದರು. ಪೈನ್ ಮರಗಳನ್ನು ಕಾಡುವ ಡ್ವಾರ್ಫ್ ಮಿಸಲ್‌ಟೋ, ಅಂದರೆ ಮರದ ಮೇಲೇ ಬೆಳೆದು ಅದರ ರಸ ಹೀರುವ ಒಂದು ಗಿಡ, ಅದರ ಬಗ್ಗೆ ಬರೆಯೋಣ ಅಂತ ಕೂತೆ. ಮೊದಲು ಇಟ್ಟ ತಲೆಬರಹ ಇದು: 'ವಾಣಿಜ್ಯ ಶಂಕುಧಾರಿ ಅರಣ್ಯಗಳಲ್ಲಿ ಕುಬ್ಜ ಪರಾವಲಂಬಿ ಸಸ್ಯ ಸೋಂಕಿನ ನಿರ್ವಹಣೆ'. ಮೂಡಿಗೆರೆ ಹತ್ತಿರ ಕಾಫಿ ತೋಟ ಮಾಡಿಕೊಂಡಿರುವ ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ.

"ಏನಮ್ಮಾ ಇದು, ಸರ್ಕಾರಿ ಸುತ್ತೋಲೆನಾ?" ಅಂದರು.

ಬಿಡಿಸಿ ಹೇಳಿದ ಮೇಲೆ, "ಓ, ಬಂದಳಿಕೆ! ಅದಕ್ಕೆ ಇಷ್ಟು ಉದ್ದ ಯಾಕೆ? ಮರಗಸಿ ಮಾಡುವಾಗ ಕಡಿದು ಹಾಕಿದ್ರಾಯ್ತು" ಅಂದರು.

ಅವರು ಹೇಳಿದ್ದು ಮುಕ್ಕಾಲು ಪಾಲು ಸರಿ. ಇನ್ನುಳಿದ ಕಾಲು ಪಾಲೇ ನನ್ನ ತಲೆನೋವು.

ನಮ್ಮ ಕಡೆ ಬಂದಳಿಕೆ ಅಂದರೆ ಕಣ್ಣಿಗೆ ಕಟ್ಟುವ ಚಿತ್ರ ಒಂದೇ. ಮಾವಿನ ಮರದ ಕೊಂಬೆ ಮೇಲೆ ಬೇರೆಯೇ ಬಣ್ಣದ ದಪ್ಪ ಎಲೆಗಳ ಪೊದೆ. ಅದರ ಹಣ್ಣು ತಿನ್ನಲು ಬರುವ ಪುಟ್ಟ ಹಕ್ಕಿ. ಅಂಟಂಟಾದ ಬೀಜವನ್ನು ಆ ಹಕ್ಕಿ ಇನ್ನೊಂದು ಕೊಂಬೆಗೆ ಒರೆಸಿ ಹೋಗುವುದು. ಬಂದಳಿಕೆಗೆ ಬದನಿಕೆ ಅಂತಲೂ ಹೆಸರಿದೆಯಲ್ಲ, ಹಕ್ಕಿ ನೋಡುವವರು ಆ ಪುಟ್ಟ ಹಕ್ಕಿಯನ್ನೂ ಬದನಿಕೆ ಅಂತಲೇ ಕರೆಯುತ್ತಾರೆ. ಗಿಡ ಯಾವುದು, ಹಕ್ಕಿ ಯಾವುದು ಅಂತ ಬಿಡಿಸಲಾರದಷ್ಟು ಎರಡೂ ಒಂದಕ್ಕೊಂದು ಅಂಟಿಕೊಂಡಿವೆ.

ಇಲ್ಲಿನದಕ್ಕೆ ಎಲೆಯೂ ಇಲ್ಲ, ಹಕ್ಕಿಯೂ ಬೇಡ.

ನಾನು ಜಾಸ್ತಿ ನೋಡಿರುವುದು ವಿಲಿಯಮ್ಸ್ ಲೇಕ್ ಅನ್ನುವ ಊರಿನ ಸುತ್ತಮುತ್ತ, ಲಾಡ್ಜ್‌ಪೋಲ್ ಅನ್ನುವ ಜಾತಿಯ ಪೈನ್ ಮೇಲೆ. ಕೊಂಬೆ ಒಂದು ಕಡೆ ಕದಿರಿನ ಹಾಗೆ ನಡುವೆ ಉಬ್ಬಿರುತ್ತೆ. ಆ ಉಬ್ಬಿನಿಂದ ಹಳದಿ ಮಿಶ್ರಿತ ಹಸಿರಿನ ಕಡ್ಡಿಗಳು ಹೊರಟಿರುತ್ತವೆ. ಬೆರಳುದ್ದ, ಗೆಣ್ಣು ಗೆಣ್ಣಾಗಿ. ಎಲೆ ಇರಬೇಕಾದ ಜಾಗದಲ್ಲಿ ಸಣ್ಣ ಹೊಟ್ಟಿನಂಥದ್ದು, ಅಷ್ಟೇ. ಆಗಸ್ಟ್ ಕೊನೆಯ ಹೊತ್ತಿಗೆ ಕಾಯಿ ಬಲಿಯುತ್ತೆ. ಒಳಗೆ ನೀರಿನ ಒತ್ತಡ ಏರಿ ಏರಿ, ಕೊನೆಗೆ ಕಾಯಿ ತೊಟ್ಟು ಬಿಟ್ಟು ಬೀಜ ಸಿಡಿಯುತ್ತೆ. ಗಂಟೆಗೆ 80 ಕಿ.ಮೀ.ಗೂ ಜಾಸ್ತಿ ವೇಗ! ಹೆಚ್ಚಿನ ಬೀಜಗಳು 10 ಮೀಟರಿನೊಳಗೇ ಬೀಳುತ್ತವೆ, ಕೆಲವು 15 ಮೀಟರ್ ದಾಟುವುದೂ ಉಂಟು. ಮೊದಲ ವರ್ಷ ಗೊತ್ತಿಲ್ಲದೆ ಒಂದು ಕೊಂಬೆ ಎಳೆದಿದ್ದೆ. ಪಟಪಟ ಅಂತ ಕನ್ನಡಕಕ್ಕೆ ಬಂದು ಹೊಡೆಯಿತು. ಹೆಚ್ಚು ಕಮ್ಮಿ ಎಳ್ಳಿನಷ್ಟು ಬೀಜ, ಸುತ್ತ ಹಲಸಿನ ಮೇಣದಂಥ ಅಂಟು. ಒರೆಸಿದಷ್ಟೂ ಹರಡಿತು.

ಪೈನ್ ಸೂಜಿಗೆ ಅಂಟಿದ ಬೀಜ ಮಳೆ ಬಂದಾಗ ನೆನೆದು, ಜಾರಿ, ಸೂಜಿಯ ಬುಡಕ್ಕೆ ಬಂದು ಕೂರುತ್ತೆ. ಅಲ್ಲಿಂದ ತೊಗಟೆಯೊಳಗೆ ಇಳಿಯುತ್ತೆ. ಕಡ್ಡಿ ಹೊರಗೆ ಕಾಣಲು ಇನ್ನೂ ಎರಡು ಮೂರು ವರ್ಷ, ಕೆಲವು ಸಲ ಐದು.

ಈಗ ಮೊದಲ ಪ್ರಶ್ನೆ. 'ಡ್ವಾರ್ಫ್' ಅನ್ನುವುದನ್ನು ಹಾಗೇ ಕನ್ನಡಕ್ಕೆ ತಂದು 'ಗಿಡ್ಡ ಬಂದಳಿಕೆ' ಅನ್ನಬಹುದು. 'ಕುಬ್ಜ' ನನಗೆ ಬೇಡ, ಕೇಳಿದರೆ ಪುರಾಣ ನೆನಪಾಗುತ್ತೆ. ಗಿಡ್ಡ ಅನ್ನುವುದಕ್ಕೆ ಆಧಾರವೂ ಇದೆ. ಹಿಮಾಲಯದ ನೀಲಿ ಪೈನ್ ಮೇಲೆ ಬೆಳೆಯುವ ಇದರ ನೆಂಟ ಕೆಲವೇ ಮಿಲಿಮೀಟರ್ ಎತ್ತರ, ಇಡೀ ಕುಲದಲ್ಲೇ ಅತಿ ಚಿಕ್ಕದು. ಆದರೆ ಮೆಕ್ಸಿಕೋದಲ್ಲಿ ಮೊಣಕಾಲೆತ್ತರ ಬೆಳೆಯುವುದೂ ಇದೆ. ಅದನ್ನೂ ಗಿಡ್ಡ ಅನ್ನೋದಾ?

ನನಗೆ ಹೊಳೆದ ಹೆಸರು 'ಸಿಡಿಬಂದಳಿಕೆ'. ಸಿಡಿಮದ್ದು, ಸಿಡಿಗುಂಡು ಇದ್ದ ಹಾಗೆ. ಈ ಗಿಡದ ಗುಟ್ಟೆಲ್ಲ ಆ ಸಿಡಿತದಲ್ಲೇ ಇದೆ. ಹೆಸರು ಕೇಳಿದ ಕೂಡಲೇ ಹಕ್ಕಿಯ ಚಿತ್ರ ಹೋಗಿ ಇನ್ನೊಂದು ಚಿತ್ರ ಬರಬೇಕು, ನನಗೆ ಬೇಕಾದದ್ದು ಅಷ್ಟೇ. ನಮ್ಮ ಮನೆಯವರು ಮಾತ್ರ ಬಿದ್ದು ಬಿದ್ದು ನಕ್ಕರು. "ಕರ್ನಾಟಕದಲ್ಲಿ ಸಿಡಿ ಅಂದ್ರೆ ಜನ ಏನಂದ್ಕೋತಾರೆ ಗೊತ್ತಲ್ಲ?" ಅಂದರು. ನಿಮಗೂ ಹಾಗೇ ಅನ್ನಿಸುತ್ತಾ? ಹಾಗಾದರೆ 'ಸಿಡಿಬೀಜದ ಬಂದಳಿಕೆ' ಅಂತ ಬಿಡಿಸಿ ಬರೆಯಲೂ ತಯಾರಿದ್ದೇನೆ.

ಎರಡನೆಯದು, ಇಂಗ್ಲಿಷಿನವರು ಮಾಟಗಾತಿಯ ಪೊರಕೆ ಅನ್ನುತ್ತಾರಲ್ಲ, ಅದು. ಬಂದಳಿಕೆ ಹಿಡಿದ ಕಡೆ ಮರದ ರೆಂಬೆಗಳು ದಿಕ್ಕೆಟ್ಟು, ಒತ್ತೊತ್ತಾಗಿ ಬೆಳೆದು ದೊಡ್ಡ ಮುದ್ದೆಯಾಗುತ್ತವೆ. ಮರ ತಿನ್ನಬೇಕಾದ ಅನ್ನವೆಲ್ಲ ಅಲ್ಲಿಗೇ ಹೋಗಿ ತುದಿ ಸೊರಗುತ್ತೆ. ಮಾಟಗಾತಿ ಪೊರಕೆ ಹತ್ತಿ ಹಾರುವ ಕತೆ ನಮ್ಮದಲ್ಲ, ಅವಳನ್ನು ಕೈಬಿಟ್ಟೆ. ಪೊರಕೆ ಉಳಿಯಿತು. ಪೊರಕೆಯಂಥ ಕೊಂಬೆ ಅಂತ ಸಮಾಸ ಮಾಡಲು ಹೋದರೆ ಆದೇಶ ಸಂಧಿ ಬಂದು 'ಪೊರಕೆಗೊಂಬೆ' ಆಗುತ್ತೆ! ಮಕ್ಕಳ ಆಟದ ಸಾಮಾನು. ಸದ್ಯಕ್ಕೆ ಸುಮ್ನೆ 'ಪೊರಕೆ' ಅಂತ ಬರೆದಿದ್ದೇನೆ. 'ಮರದ ತಲೆಯಲ್ಲಿ ಮೂರು ಪೊರಕೆ' ಅಂದರೆ ಓದುವವರಿಗೆ ತಿಳಿಯುತ್ತಾ?

ಮೂರನೆಯದರಲ್ಲಿ ಅಪ್ಪನ ಮಾತೇ ದಾರಿ ತೋರಿಸಿತು. ನಾನು 'ಸೋಂಕು ತಗುಲಿದ ಮರ' ಅಂತ ಬರೆದಿದ್ದೆ. ಅಪ್ಪ ಮಾತಿನ ನಡುವೆ "ಬಂದಳಿಕೆ ಹಿಡಿದ ಮರ" ಅಂದರು. ಎಷ್ಟು ಸಲೀಸು ನೋಡಿ. ತುಕ್ಕು ಹಿಡಿಯುತ್ತೆ, ಹುಳ ಹಿಡಿಯುತ್ತೆ, ಹುಚ್ಚು ಹಿಡಿಯುತ್ತೆ, ಬಂದಳಿಕೆಯೂ ಹಿಡಿಯುತ್ತೆ. ಇದರಿಂದ ಇನ್ನೂ ಎರಡು ಗಂಟು ಬಿಚ್ಚಿದವು. ಹೊರಗೆ ಕಾಣದೆ ತೊಗಟೆಯೊಳಗೇ ಇರುವ ಆ ಎರಡು ಮೂರು ವರ್ಷಕ್ಕೆ 'ಒಳಹಿಡಿತ' ಅಂದುಕೊಂಡೆ. ಪಠ್ಯಪುಸ್ತಕದ 'ಆತಿಥೇಯ' ಕೈಬಿಟ್ಟೆ. ಕರೆದು ಊಟ ಹಾಕುವವನು ಆತಿಥೇಯ. ಈ ಪಾಪದ ಪೈನ್ ಯಾರನ್ನೂ ಕರೆದಿಲ್ಲ. 'ಬಂದಳಿಕೆ ಹಿಡಿಯುವ ಮರ', 'ಬಂದಳಿಕೆ ಹಿಡಿಯದ ಮರ' ಅಂದರೆ ಮುಗಿಯಿತು ಅಲ್ವಾ?

ಹಿಡಿಯುವ ಮರ, ಹಿಡಿಯದ ಮರ ಅನ್ನುವುದರ ಮೇಲೇ ಇಲ್ಲಿನ ಹತೋಟಿಯೆಲ್ಲ ನಿಂತಿದೆ. ಲಾಡ್ಜ್‌ಪೋಲ್ ಪೈನಿನ ಬಂದಳಿಕೆ ಪಕ್ಕದ ಡಗ್ಲಸ್ ಫರ್ ಮರವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹಾಗಾಗಿ ರೋಗದ ಕಾಡಿಗೂ ಹೊಸ ನೆಡುತೋಪಿಗೂ ನಡುವೆ ಬೇರೆ ಜಾತಿಯ ಒಂದು ಪಟ್ಟಿ ನೆಟ್ಟರೆ ಬೀಜ ಅಲ್ಲೇ ನಿಲ್ಲುತ್ತೆ. ಇದಕ್ಕೆ 'ಅಡ್ಡಪಟ್ಟಿ' ಅಂದಿದ್ದೇನೆ. ಮರ ಕಡಿದರೆ ಬಂದಳಿಕೆಯೂ ಸಾಯುತ್ತೆ. ಕಡಿದ ಕೊಂಬೆ ನೆಲದಲ್ಲಿ ಬಿದ್ದಿದ್ದರೂ ಅದರಿಂದ ಭಯವಿಲ್ಲ. ಭಯ ಇರುವುದು ಬಿಟ್ಟ ಮರದಿಂದ. ಎಲ್ಲ ಕಡಿದು, ರೋಗದ ಒಂದು ದೊಡ್ಡ ಮರ ಉಳಿಸಿದರೆ ಅದು ಕೆಳಗಿನ ಎಳೆ ಗಿಡಗಳ ಮೇಲೆ ವರ್ಷವರ್ಷ ಬೀಜ ಸುರಿಸುತ್ತೆ. ಅದಕ್ಕೇ ಕೆಳಗಿನ ಗಿಡ ಒಂದು ಮೀಟರ್ ಆಗುವ ಮೊದಲು, ಇಲ್ಲವೇ ಹತ್ತು ವರ್ಷ ತುಂಬುವ ಮೊದಲು, ಮೇಲಿನದನ್ನು ತೆಗೆಯಿರಿ ಅನ್ನುವುದು ಇಲ್ಲಿನವರ ಲೆಕ್ಕ.

ಹೀಗೆ ರೋಗದ ಮರ ಆರಿಸಿ ತೆಗೆಯುವುದಕ್ಕೆ 'ನೈರ್ಮಲ್ಯ ಕಡಿತ' ಅಂತ ಮೊದಲು ಬರೆದಿದ್ದೆ. ಓದಿದರೆ ಪಂಚಾಯ್ತಿಯವರು ಚರಂಡಿ ಬಳಿದ ಹಾಗಿದೆ. ಕೊಂಬೆ ಮಾತ್ರ ತೆಗೆಯುವುದಕ್ಕೆ 'ಸವರುವುದು' ಇದೆ. ನಮ್ಮ ಕಾಫಿ ಸೀಮೆಯ 'ಮರಗಸಿ' ನೆರಳು ಹದ ಮಾಡುವ ಕೆಲಸ, ಅದನ್ನು ಇಲ್ಲಿಗೆ ಎಳೆದು ತರುವುದು ಸರಿಯಲ್ಲ ಅನ್ನಿಸಿತು, ಅಪ್ಪ ಏನೇ ಅನ್ನಲಿ. ಆದರೆ ಇಡೀ ಮರವನ್ನು ಆರಿಸಿ ತೆಗೆಯುವುದಕ್ಕೆ? ಸಾಗುವಾನಿ ತೋಪು ಇರುವವರು ಏನನ್ನುತ್ತೀರಿ?

ಆರಿಸುವುದಕ್ಕೆ ಒಂದು ಅಂಕದ ಲೆಕ್ಕ ಇದೆ. ಅಮೆರಿಕದ ಮರರೋಗ ತಜ್ಞ ಫ್ರಾಂಕ್ ಹಾಕ್ಸ್‌ವರ್ತ್ 1977ರಲ್ಲಿ ಪ್ರಕಟಿಸಿದ್ದು. ಮರದ ಹಸಿರು ಭಾಗವನ್ನು ಮೇಲೆ, ನಡು, ಕೆಳಗೆ ಅಂತ ಮೂರು ಮಾಡಿಕೊಳ್ಳಿ. ಒಂದೊಂದು ಭಾಗಕ್ಕೂ ಬೇರೆ ಅಂಕ: ಬಂದಳಿಕೆ ಇಲ್ಲದಿದ್ದರೆ 0, ಅರ್ಧ ಅಥವಾ ಅದಕ್ಕಿಂತ ಕಮ್ಮಿ ಕೊಂಬೆಗೆ ಹಿಡಿದಿದ್ದರೆ 1, ಅರ್ಧಕ್ಕಿಂತ ಜಾಸ್ತಿ ಇದ್ದರೆ 2. ಕೂಡಿದರೆ 0ಯಿಂದ 6. ಇದಕ್ಕೆ 'ಹಿಡಿತದ ಅಂಕ' ಅಂದುಬಿಟ್ಟೆ. ಇದೊಂದರಲ್ಲಿ ನನಗೆ ಅನುಮಾನವಿಲ್ಲ.

ಅಂದ ಹಾಗೆ ಔಷಧಿ ಹೊಡೆಯಬಹುದಲ್ಲ ಅಂತ ಅಪ್ಪ ಕೇಳಿದರು. ಅನಾನಸ್‌ಗೆ ಹೂ ಬರಿಸಲು ಹಾಕುತ್ತಾರಲ್ಲ ಎಥೆಫಾನ್, ಅದನ್ನು ಇಲ್ಲೂ ಹೊಡೆದು ನೋಡಿದ್ದಾರೆ. ಕಡ್ಡಿಗಳು ಉದುರುತ್ತವೆ. ತೊಗಟೆಯೊಳಗಿನ ಬೇರು ಹಾಗೇ ಇರುತ್ತೆ, ಮತ್ತೆ ಚಿಗುರುತ್ತೆ. ಇನ್ನು ಪೂರ್ತಿ ಇಲ್ಲವಾಗಿಸುವುದು ಇಲ್ಲಿ ಯಾರಿಗೂ ಬೇಕಾಗಿಲ್ಲ. ಡಗ್ಲಸ್ ಫರ್‌ಗೆ ಹಿಡಿಯುವ ಬಂದಳಿಕೆ ಬೇರೆಯೇ ಜಾತಿ, ಅದರ ಪೊರಕೆಗಳಲ್ಲಿ ಚುಕ್ಕೆ ಗೂಬೆ ಗೂಡು ಮಾಡುತ್ತೆ, ಅಳಿಲುಗಳೂ ಸೇರಿಕೊಳ್ಳುತ್ತವೆ. ಅದಕ್ಕೇ 'ನಿರ್ಮೂಲನೆ' ಹೊಡೆದುಹಾಕಿ 'ಹತೋಟಿ' ಇಟ್ಟೆ. 'ನಿರ್ವಹಣೆ' ಅಂದರೆ ರೋಗವನ್ನು ನಾವೇ ನಡೆಸಿಕೊಂಡು ಹೋಗುತ್ತಿರುವ ಹಾಗೆ ಕೇಳುತ್ತೆ.

ಒಂದು ಮಾತು ಲೇಖನದಲ್ಲಿ ಸೇರಿಸಲೇಬೇಕು ಅಂದುಕೊಂಡಿದ್ದೇನೆ. ಈಗಿನ ವಿಂಗಡಣೆಯಲ್ಲಿ ಈ ಗಿಡ ಶ್ರೀಗಂಧದ ಕುಟುಂಬಕ್ಕೇ ಸೇರುತ್ತೆ. ಶ್ರೀಗಂಧವೂ ಪಕ್ಕದ ಗಿಡದ ಬೇರಿಗೆ ಬಾಯಿ ಹಾಕಿಯೇ ಬೆಳೆಯುವುದು. ಅದನ್ನು ನಾವು ಯಾವತ್ತೂ ಬಂದಳಿಕೆ ಅಂದಿಲ್ಲ, ದೇವರ ಹಣೆಗೆ ಹಚ್ಚುತ್ತೇವೆ.

ನಿಮ್ಮ ಊರಲ್ಲಿ ಬಂದಳಿಕೆ, ಬದನಿಕೆ, ಬಂದನಿಕೆ, ಯಾವುದು ಬಳಕೆಯಲ್ಲಿದೆ ಅಂತಲೂ ತಿಳಿಸಿ. ಶಿಕಾರಿಪುರ ತಾಲ್ಲೂಕಿನಲ್ಲಿ ಬಂದಳಿಕೆ ಅಂತ ಊರೇ ಇದೆ, ಆ ಕಡೆಯವರು ಯಾರಾದರೂ ಇದ್ದರೆ ಮೊದಲು ನೀವೇ ಹೇಳಿ. ಬರಹ ಮುಂದಿನ ವಾರ ಕೊಡಬೇಕು. ಅಲ್ಲಿಯವರೆಗೆ ತಲೆಬರಹ 'ಪೈನ್ ಕಾಡಿನ ಸಿಡಿಬಂದಳಿಕೆ' ಅಂತಲೇ ಇರುತ್ತೆ. ಆ ಸಿಡಿಯೊಂದು ಯಾರಿಗೂ ಅಡ್ಡಿಯಾಗದಿದ್ದರೆ ಹಾಗೇ ಕಳಿಸಿಬಿಡ್ತೇನೆ.