ಪುನರ್ಪುಳಿ ಶರಬತ್ತು ಮತ್ತು ಮರೆವು

ಪ್ರಶ್ನೆ: ಮರೆವು ಶುರುವಾಗಿರುವ ತಾಯಿಯವರಿಗೆ ದಿನವೂ ಪುನರ್ಪುಳಿ ಶರಬತ್ತು ಕೊಡುತ್ತಿದ್ದೇನೆ. ಅದರಲ್ಲಿರುವ ಗಾರ್ಸಿನಾಲ್ ಎಂಬ ವಸ್ತು ಮಿದುಳಿನ ಉರಿಯೂತವನ್ನು ತಗ್ಗಿಸುತ್ತದೆ ಎಂಬ ಮಾತು ಎಷ್ಟರ ಮಟ್ಟಿಗೆ ನಿಜ?

ಉತ್ತರ 1: ಗಾರ್ಸಿನಾಲ್ ಹಳದಿ ಬಣ್ಣದ, ಕೊಬ್ಬಿನಲ್ಲಿ ಕರಗುವ ವಸ್ತು, ಲೋಟದಲ್ಲಿ ಕಾಣುವ ಕೆಂಪು ಬಣ್ಣ, ನೀರಿನಲ್ಲಿ ಕರಗುವ ಆಂಥೋಸಯಾನಿನ್ ಎಂಬ ಬೇರೆಯೇ ವರ್ಣದ್ರವ್ಯದ್ದು. ಹಾಗಾಗಿ ಒಣಸಿಪ್ಪೆಯನ್ನು ನೆನೆಸಿ ಕಿವುಚಿದ ಶರಬತ್ತಿಗೆ ಗಾರ್ಸಿನಾಲ್ ಹೆಚ್ಚೇನೂ ಇಳಿಯುವುದಿಲ್ಲ. ಬಹುಪಾಲು ನಾವು ಎಸೆಯುವ ಚರಟದಲ್ಲೇ ಉಳಿಯುತ್ತದೆ.

ಉತ್ತರ 2: ಉರಿಯೂತದ ವಂಶವಾಹಿಗಳನ್ನು ಚುರುಕುಗೊಳಿಸುವ ಎನ್‌ಎಫ್-ಕಪ್ಪಾ-ಬಿ ಪ್ರೋಟೀನನ್ನು ಗಾರ್ಸಿನಾಲ್ ತಡೆಯುವುದು ಜೀವಕೋಶಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ, ವಂಶವಾಹಿಗಳು ಚಾಲೂ ಆಗಲು ನೆರವಾಗುವ ಹಿಸ್ಟೋನ್ ಅಸಿಟೈಲ್‌ಟ್ರಾನ್ಸ್‌ಫರೇಸ್ ಎಂಬ ಕಿಣ್ವವನ್ನೂ ಅದು ತಡೆಯುತ್ತದೆಂದು 2004ರಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ತಂಡ ತೋರಿಸಿತು. ಆದರೆ ಗಾಜಿನ ತಟ್ಟೆಯ ಫಲಿತಾಂಶವನ್ನು ಮರೆವಿನ ಮದ್ದೆನ್ನಲಾಗದು. ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ. ಮಧುಮೇಹವಿದ್ದರೆ ಶರಬತ್ತಿನ ಸಕ್ಕರೆಯ ಕಡೆ ಮೊದಲು ನೋಡಿ.

ಪ್ರಶ್ನೆ ಕೇಳಿದವರು: ಲೋಟಕ್ಕೆ ಮೂರು ಚಮಚ ಸಕ್ಕರೆ ಹಾಕುತ್ತಿದ್ದೆ! ನಾಳೆಯಿಂದ ಜೀರಿಗೆ ಒಗ್ಗರಣೆಯ ಸಾರನ್ನೇ ಕೊಡುತ್ತೇನೆ.