2 ಟಿಬಿ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅನ್ನುತ್ತಿದೆ, ಹೋಯ್ತಾ ಉಳಿಯುತ್ತಾ? ತುರ್ತು

ತತ್ವಪದ_ಕಲಬುರಗಿ:
ಶರಣ್ರಿ ಎಲ್ಲರಿಗೂ. ಮೂರು ದಿನದಿಂದ ನಿದ್ದೆ ಇಲ್ಲ. ಹಾರ್ಡ್ ಡಿಸ್ಕ್ ಒಮ್ಮೆ ಕಾಣುತ್ತದೆ, ಒಮ್ಮೆ ಕಾಣುವುದಿಲ್ಲ. ಕಂಡಾಗಲೂ ಒಂದು ಫೋಲ್ಡರ್ ತೆರೆಯಲು ಹತ್ತು ನಿಮಿಷ. ನಡುವೆ ಟಿಕ್ ಟಿಕ್ ಅಂತ ಸದ್ದು, ಆಮೇಲೆ ಡಿಸ್ಕೇ ಮಾಯ. ಇಲ್ಲೇ ಒಂದು ರಿಪೇರಿ ಅಂಗಡಿಗೆ ಒಯ್ದೆ. ಎರಡು ನಿಮಿಷ ಕಿವಿ ಇಟ್ಟು ಕೇಳಿ "ಸತ್ತಿದೆ, ಹೊಸದು ಹಾಕಿಸಿ" ಅಂದರು. ಅಷ್ಟೇ.

ಅದರಲ್ಲಿ ಇರುವುದು ಆರು ವರ್ಷ ಜೇವರ್ಗಿ, ಅಫಜಲಪುರ, ಚಿತ್ತಾಪುರದ ಕಡೆ ಊರೂರು ತಿರುಗಿ ಮಾಡಿದ ತತ್ವಪದದ ರೆಕಾರ್ಡಿಂಗ್. ಕಡಕೋಳ ಮಡಿವಾಳಪ್ಪನವರ ಪದ, ಚನ್ನೂರ ಜಲಾಲ ಸಾಹೇಬರ ಪದ, ರಾತ್ರಿಯಿಡೀ ಏಕತಾರಿ ಹಿಡಿದು ಹಾಡಿದ್ದು. ಹಾಡಿದವರಲ್ಲಿ ಇಬ್ಬರು ಈಗ ಇಲ್ಲ. ಅರ್ಧಕ್ಕೆ ಮಾತ್ರ ಬೇರೆ ಕಾಪಿ ಇದೆ. ಡಿಸ್ಕ್ ಹೋದರೆ ಹೋಗಲಿ, ಪದ ಉಳಿಯಬೇಕು. ಏನು ಮಾಡಲಿ?

ಯಾದಗಿರಿ_ಅಸೆಂಬ್ಲರ್:
ಎಸ್‌ಎಂಪಿಎಸ್ (ಪಿಸಿಗೆ ಪವರ್ ಕೊಡುವ ಡಬ್ಬಿ) ನೋಡಿ ಮೊದಲು. ನಮ್ಮ ಕಡೆ ವೋಲ್ಟೇಜ್ ಕುಣಿಯುವುದು ಗೊತ್ತೇ ಇದೆ, ಅಗ್ಗದ ಎಸ್‌ಎಂಪಿಎಸ್ ಎರಡು ಬೇಸಿಗೆ ತಡೆಯುವುದಿಲ್ಲ. 12 ವೋಲ್ಟ್ ಕುಸಿದರೆ ಮೋಟರ್ ತಿರುಗಿ ನಿಲ್ಲುತ್ತದೆ, ಡೇಟಾ ಓದುವ ಹೆಡ್ ವಾಪಸ್ ಬಂದು ಕೂರುತ್ತದೆ, ಅದೇ ಟಿಕ್. ನಾನು ಇಂಥ ಹತ್ತು ಕೇಸ್ ನೋಡಿದ್ದೇನೆ.

ತೊಗರಿ_ಕಣಜ:
ನಾನೂ ಕಲಬುರಗಿಯವನೇ. ಏಪ್ರಿಲ್‌ನಲ್ಲಿ 42, 43 ಡಿಗ್ರಿ ಬಿಸಿಲಲ್ಲಿ ಕ್ಯಾಬಿನೆಟ್ ಒಳಗೆ ಎಷ್ಟಾಗಿರಬೇಕು ಯೋಚನೆ ಮಾಡಿ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರ್‌ನಲ್ಲಿ ಇಡಿ, ಬೆಳಿಗ್ಗೆ ಹಾಕಿದರೆ ಅರ್ಧ ಗಂಟೆ ಓಡುತ್ತದೆ, ಅಷ್ಟರಲ್ಲಿ ಕಾಪಿ ಮಾಡಿಕೊಳ್ಳಿ. ನಮ್ಮ ಅಣ್ಣನ 80 ಜಿಬಿ ಡಿಸ್ಕ್ ಹಾಗೇ ಉಳಿಯಿತು.

ಬೀದರ್_ಬೆಂಚು:
ಫ್ರೀಜರ್ ಬೇಡ, ದಯವಿಟ್ಟು ಬೇಡ. ಅದು 80 ಜಿಬಿ ಕಾಲದ ಮಾತು. ಹೆಡ್ ಮತ್ತು ಪ್ಲ್ಯಾಟರ್ (ಒಳಗೆ ತಿರುಗುವ ತಟ್ಟೆ) ನಡುವೆ ಈಗ ಕೆಲವೇ ನ್ಯಾನೊಮೀಟರ್ ಸಂದು. ಡಿಸ್ಕ್‌ಗೆ ಗಾಳಿಯಾಡುವ ಸಣ್ಣ ತೂತು ಇರುತ್ತದೆ. ಫ್ರೀಜರ್‌ನಿಂದ ತೆಗೆದ ಕೂಡಲೇ ತಂಬಿಗೆ ಬೆವರಿದ ಹಾಗೆ ಒಳಗೂ ನೀರು ಕೂತರೆ ಇರುವುದೂ ಹೋಗುತ್ತದೆ.

ತತ್ವಪದದವರೇ, ನೀವು ಬರೆದದ್ದರಲ್ಲಿ ಬೇಕಾದ್ದೇ ಇಲ್ಲ. ಡಿಸ್ಕ್ ಒಳಗಿನದಾ, ಯುಎಸ್‌ಬಿಯದಾ? ಬಿದ್ದಿತ್ತಾ? ಯಾವಾಗಿಂದ ಶುರು? ಚೆಕ್‌ಡಿಸ್ಕ್ ಓಡಿಸಿದ್ದೀರಾ? ಡಿಸ್ಕ್ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರ್ ಹಾಕಿ 5, 197, 198, 199 ಈ ನಾಲ್ಕು ಸಾಲು ಏನು ಹೇಳುತ್ತವೆ ಬರೆಯಿರಿ. ಅಲ್ಲಿಯವರೆಗೆ ಡಿಸ್ಕ್ ಸುಮ್ನೆ ಆನ್ ಇಡಬೇಡಿ.

ತತ್ವಪದ_ಕಲಬುರಗಿ:
ಒಳಗಿನದೇ, 3.5 ಇಂಚು. ಬಿದ್ದಿಲ್ಲ. ಚೆಕ್‌ಡಿಸ್ಕ್ ಒಮ್ಮೆ ಓಡಿಸಿದ್ದೆ, 11 ಪರ್ಸೆಂಟ್‌ಗೆ ನಿಂತಿತು, ಬಟನ್ ಒತ್ತಿ ಆಫ್ ಮಾಡಿದೆ. ಹಳದಿ ಬಣ್ಣದಲ್ಲಿ ಕಾಶನ್ ಅಂತ ಬರುತ್ತಿದೆ. 5ರಲ್ಲಿ 0. 197ರಲ್ಲಿ 18. 198ರಲ್ಲಿ 0. 199ರಲ್ಲಿ 96ಡಿ ಅಂತಿದೆ, ಡಿ ಅಂದರೆ ಏನು?

ಯಾದಗಿರಿ_ಅಸೆಂಬ್ಲರ್:
ಡಿ ಅಂದರೆ ಡ್ಯಾಮೇಜ್ ಇರಬೇಕು. ಎಸ್‌ಎಂಪಿಎಸ್ ಬದಲಿಸಿ ನೋಡಿ ಸಾರ್, ಎರಡು ಸಾವಿರದ ಒಳಗೆ ಆಗುತ್ತದೆ.

ಬೀದರ್_ಬೆಂಚು:
ಡ್ಯಾಮೇಜ್ ಅಲ್ಲ. ಆ ಸಾಫ್ಟ್‌ವೇರ್ ಅಂಕಿಯನ್ನು ಹೆಕ್ಸ್‌ನಲ್ಲಿ (ಹದಿನಾರರ ಲೆಕ್ಕದಲ್ಲಿ) ತೋರಿಸುತ್ತದೆ, ಸೆಟ್ಟಿಂಗ್‌ನಲ್ಲಿ ಡೆಸಿಮಲ್ ಮಾಡಿಕೊಳ್ಳಬಹುದು. 96ಡಿ ಅಂದರೆ 2413. ನಿಮ್ಮ 18 ಅಂದರೆ ನಿಜಕ್ಕೂ 24.

ಈಗ ಓದೋಣ. 5 ಅಂದರೆ ಡಿಸ್ಕ್ ತಾನೇ ಕೆಟ್ಟದ್ದೆಂದು ತೀರ್ಮಾನಿಸಿ ಬದಲಿ ಜಾಗ ಕೊಟ್ಟ ಸೆಕ್ಟರ್ (ಡೇಟಾ ಇಡುವ ಸಣ್ಣ ತುಂಡು). ಅದು 0. ಒಳ್ಳೆಯದು. 197 ಅಂದರೆ ಓದಲು ಆಗದೆ ತೀರ್ಮಾನ ಬಾಕಿ ಇಟ್ಟ ಸೆಕ್ಟರ್. 24 ಇದೆ. 199 ಅಂದರೆ ಡಿಸ್ಕ್‌ನಿಂದ ಬೋರ್ಡ್‌ಗೆ ಹೋಗುವ ದಾರಿಯಲ್ಲಿ ಕೆಟ್ಟ ಡೇಟಾ. ಅದು 2413! ಅದು ಪ್ಲ್ಯಾಟರ್ ತಪ್ಪಲ್ಲ. ಕೇಬಲ್, ಕನೆಕ್ಟರ್, ಪವರ್, ಇಂಥದ್ದು. ಈ ಲೆಕ್ಕ ಯಾವತ್ತೂ ಕೆಳಗೆ ಇಳಿಯುವುದಿಲ್ಲ, ಹಾಗಾಗಿ ಏರುತ್ತಿದೆಯೇ ಅನ್ನುವುದಷ್ಟೇ ಮುಖ್ಯ. ಸಾಟಾ ಕೇಬಲ್ (ಡಿಸ್ಕ್‌ನಿಂದ ಬೋರ್ಡ್‌ಗೆ ಹೋಗುವ ಡೇಟಾ ವೈರ್) ಬದಲಿಸಿ, ಮತ್ತೆ ನೋಡಿ.

ಚೆಕ್‌ಡಿಸ್ಕ್ ಇನ್ನೊಮ್ಮೆ ಮುಟ್ಟಬೇಡಿ. ಅದು ಫೈಲ್ ಸಿಸ್ಟಮ್ ಸರಿಮಾಡುವ ನೆಪದಲ್ಲಿ ಅದೇ ಡಿಸ್ಕ್ ಮೇಲೆ ಬರೆಯುತ್ತದೆ. ನಮಗೆ ಈಗ ಬೇಕಾದ್ದು ಬರೀ ಓದುವುದು.

ಬಸವಕಲ್ಯಾಣ_ನಾಸ್:
ಇದಕ್ಕೇ ನಾನು ಮನೆಯಲ್ಲಿ ನಾಲ್ಕು ಬೇ ನಾಸ್ (ನೆಟ್‌ವರ್ಕ್‌ಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) ಇಟ್ಟಿದ್ದೇನೆ. 4 ಟಿಬಿಯ ನಾಲ್ಕು ಡಿಸ್ಕ್, ರೈಡ್ 5, ಒಂದು ಹೋದರೂ ಉಳಿದ ಮೂರರಿಂದ ಎಲ್ಲ ವಾಪಸ್. 1 ಕೆವಿಎ ಯುಪಿಎಸ್, ಪ್ರತಿ ಭಾನುವಾರ ಧೂಳು ಊದುತ್ತೇನೆ. ಮೂರು ವರ್ಷದಲ್ಲಿ ಒಂದು ಸದ್ದಿಲ್ಲ.

ಬೀದರ್_ಬೆಂಚು:
ಚೆನ್ನಾಗಿದೆ, ಆದರೆ ರೈಡ್ ಬ್ಯಾಕಪ್ ಅಲ್ಲ. ತಪ್ಪಿ ಡಿಲೀಟ್ ಮಾಡಿದರೆ ನಾಲ್ಕೂ ಡಿಸ್ಕ್‌ನಲ್ಲಿ ಒಟ್ಟಿಗೇ ಡಿಲೀಟ್ ಆಗುತ್ತದೆ.

ಬಸವಕಲ್ಯಾಣ_ನಾಸ್:
ನಾನು ಬ್ಯಾಕಪ್ ಅಂತ ಎಲ್ಲಿ ಹೇಳಿದೆ? ಏನೂ ಇಲ್ಲದ್ದಕ್ಕಿಂತ ಇದು ಮೇಲು ಅಲ್ವಾ?

ತೊಗರಿ_ಕಣಜ:
ಯುಪಿಎಸ್‌ಗಿಂತ ಸ್ಟೆಬಿಲೈಜರ್ ಒಳ್ಳೆಯದು. ನಮ್ಮಲ್ಲಿ ಕರೆಂಟ್ ಹೋಗುವುದು ಕಡಿಮೆ, ಏರಿಳಿತ ಜಾಸ್ತಿ.

ಯಾದಗಿರಿ_ಅಸೆಂಬ್ಲರ್:
ಸ್ಟೆಬಿಲೈಜರ್ ಫ್ರಿಜ್‌ಗೆ. ರಿಲೇ ಬದಲಾಗುವ ಆ ಒಂದು ಕ್ಷಣದಲ್ಲೇ ಪಿಸಿ ರೀಸ್ಟಾರ್ಟ್ ಆಗುತ್ತದೆ. ಮೂಲ ಎಸ್‌ಎಂಪಿಎಸ್, ಅದನ್ನು ಯಾರೂ ನೋಡುತ್ತಿಲ್ಲ. ಮಲ್ಟಿಮೀಟರ್ ಹಿಡಿಯಿರಿ. ಹಳದಿ ವೈರ್‌ನಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25, ಅದರ ಹೊರಗೆ ಹೋದರೆ ನಾನು ಹೇಳಿದ್ದೇ ಸರಿ.

ತತ್ವಪದ_ಕಲಬುರಗಿ:
ಪಕ್ಕದ ಎಲೆಕ್ಟ್ರಿಷಿಯನ್ ಹತ್ತಿರ ಮೀಟರ್ ತಂದು ಅಳೆದೆ. ದೊಡ್ಡ ನಾಲ್ಕು ಪಿನ್ ಕನೆಕ್ಟರ್‌ನಲ್ಲಿ 12.1 ಮತ್ತು 5.05. ಸಾಟಾ ಕೇಬಲ್ ಹೊಸದು ಹಾಕಿದೆ. ಒಂದು ಗಂಟೆ ಚೆನ್ನಾಗಿತ್ತು, ಆಮೇಲೆ ಮತ್ತೆ ಟಿಕ್ ಅಂತ ಮಾಯ. 199 ಈಗ 2431.

ಯಾದಗಿರಿ_ಅಸೆಂಬ್ಲರ್:
ಲೋಡ್ ಇಲ್ಲದೆ ಅಳೆದರೆ ಸರಿಯಾಗೇ ಬರುತ್ತದೆ. ಎಸ್‌ಎಂಪಿಎಸ್ ಬದಲಿಸಿ.

ಬೀದರ್_ಬೆಂಚು:
ನಾಲ್ಕು ಪಿನ್ನಾ? ಸಾಟಾ ಡಿಸ್ಕ್‌ಗೆ ನಾಲ್ಕು ಪಿನ್ ಎಲ್ಲಿಂದ ಬಂತು?

ತತ್ವಪದ_ಕಲಬುರಗಿ:
ಹೋದ ದೀಪಾವಳಿಗೆ ಎಸ್‌ಎಸ್‌ಡಿ ಹಾಕಿಸಿದೆ. ಸಾಟಾ ಪವರ್ ಪ್ಲಗ್ ಎರಡೇ ಇದ್ದವು, ಒಂದು ಡಿವಿಡಿಗೆ, ಒಂದು ಎಸ್‌ಎಸ್‌ಡಿಗೆ. ಅದಕ್ಕೆ ಹಾರ್ಡ್ ಡಿಸ್ಕ್‌ಗೆ ನಾಲ್ಕು ಪಿನ್‌ನಿಂದ ಸಾಟಾ ಮಾಡುವ ಕನ್ವರ್ಟರ್ ಕೇಬಲ್ ಹಾಕಿದರು. ಅದು ಎಲ್ಲರೂ ಹಾಕುವುದೇ ಅಲ್ವಾ, ಹೇಳಬೇಕು ಅನ್ನಿಸಲಿಲ್ಲ.

ಬೀದರ್_ಬೆಂಚು:
ಈಗಲೇ ಪಿಸಿ ಆಫ್ ಮಾಡಿ, ಗೋಡೆಯ ಪ್ಲಗ್ ಕಿತ್ತು, ಆ ಕನ್ವರ್ಟರ್ ಬಿಚ್ಚಿ ಬೆಳಕಲ್ಲಿ ನೋಡಿ. ವಾಸನೆಯನ್ನೂ ನೋಡಿ. ಡಿಸ್ಕ್ ಕಡೆಯ ಪಿನ್‌ಗಳನ್ನೂ ನೋಡಿ.

ತತ್ವಪದ_ಕಲಬುರಗಿ:
ಕೈ ನಡುಗುತ್ತಿದೆ. ಕರಿ ಪ್ಲಗ್‌ನ ಒಂದು ತುದಿ ಮೇಣ ಕರಗಿದ ಹಾಗೆ ಇಳಿದಿದೆ. ಹಳದಿ ವೈರ್ ಒಳಗೆ ಹೋಗುವ ಕಡೆ ಬಾಯಿ ಕಂದಾಗಿದೆ, ಉಗುರು ತಾಗಿಸಿದರೆ ಪುಡಿ ಉದುರಿತು. ಸುಟ್ಟ ಬೇಳೆಯಂಥ ವಾಸನೆ. ಡಿಸ್ಕ್ ಕಡೆ ಹದಿನೈದು ಪಿನ್‌ನಲ್ಲಿ ಕೊನೆಯ ಎರಡರ ಮೇಲೆ ಕಪ್ಪು ಮಸಿ ಇದೆ, ಉಳಿದವು ಹೊಳೆಯುತ್ತಿವೆ.

ಬೀದರ್_ಬೆಂಚು:
ಸಿಕ್ಕಿತು. ಕೊನೆಯ ಮೂರು ಪಿನ್ 12 ವೋಲ್ಟ್‌ನವು, ಮೋಟರ್ ತಿರುಗಿಸುವವು. ಈ ಕನ್ವರ್ಟರ್‌ಗಳಲ್ಲಿ ಎರಡು ಜಾತಿ. ಒಂದರಲ್ಲಿ ವೈರ್‌ಗಳ ಸುತ್ತ ಪ್ಲಾಸ್ಟಿಕ್ ಕರಗಿಸಿ ಎರಕ ಹೊಯ್ದಿರುತ್ತಾರೆ. ಒಳಗೆ ವೈರ್ ಅಲುಗಿ ಒಂದಕ್ಕೊಂದು ಹತ್ತಿರ ಬಂದರೂ ಹೊರಗೆ ಕಾಣುವುದಿಲ್ಲ, ನಿಧಾನವಾಗಿ ಬಿಸಿಯಾಗಿ ಸುಡುತ್ತದೆ, ಕೆಲವೊಮ್ಮೆ ಬೆಂಕಿಯನ್ನೇ ಹಚ್ಚುತ್ತದೆ. ಇನ್ನೊಂದರಲ್ಲಿ ಪಿನ್‌ಗಳನ್ನು ಒತ್ತಿ ಕೂರಿಸಿ ಹಿಂದೆ ಮುಚ್ಚಳ ಹಾಕಿರುತ್ತಾರೆ. ಅದು ಎಷ್ಟೋ ವಾಸಿ. ನಿಮ್ಮದು ಮೊದಲನೆಯದು. 12 ವೋಲ್ಟ್ ಹೋಗಿ 5 ವೋಲ್ಟ್ ಗೆರೆಗೆ ತಾಗಿದ್ದರೆ ಡಿಸ್ಕ್‌ನ ಬೋರ್ಡೇ ಸುಡುತ್ತಿತ್ತು. ಆಗಿನ ಕಥೆ ಬೇರೆ, ಏಕೆಂದರೆ ಈಗಿನ ಡಿಸ್ಕ್‌ಗಳಿಗೆ ಅದೇ ಮಾಡೆಲ್‌ನ ಇನ್ನೊಂದು ಬೋರ್ಡ್ ತಂದು ಹಾಕಿದರೆ ನಡೆಯುವುದಿಲ್ಲ, ಹಳೆಯದರ ROM ಚಿಪ್ ಕಿತ್ತು ಹೊಸದಕ್ಕೆ ಕೂರಿಸಬೇಕು.

ಡಿವಿಡಿಯ ಪ್ಲಗ್ ಕಿತ್ತು ಡಿಸ್ಕ್‌ಗೆ ಹಾಕಿ. ಪಿನ್ ಮೇಲಿನ ಮಸಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಕೆರೆಯಬೇಡಿ. ಮೊದಲು ಡೇಟಾ ಕೇಬಲ್ ಇಲ್ಲದೆ ಬರೀ ಪವರ್ ಕೊಟ್ಟು ಕಿವಿ ಇಡಿ. ಒಂದೇ ಸಮ ತಿರುಗಿ ಸುಮ್ಮನಾದರೆ ಮುಂದುವರಿಯಿರಿ. ಆಗಲೂ ಬಿಡದೆ ಟಿಕ್ ಟಿಕ್ ಬಂದರೆ, ಇಲ್ಲಾ ಉಜ್ಜಿದ ಸದ್ದು ಬಂದರೆ, ಅಲ್ಲಿಗೇ ನಿಲ್ಲಿಸಿ. ಅದು ಹೆಡ್ ತೊಂದರೆ, ಮನೆಯಲ್ಲಿ ಮಾಡುವ ಕೆಲಸ ಅಲ್ಲ, ಹೈದರಾಬಾದ್‌ಗೋ ಬೆಂಗಳೂರಿಗೋ ಕ್ಲೀನ್ ರೂಮ್ ಇರುವಲ್ಲಿಗೆ ಕಳಿಸಬೇಕು.

ಯಾದಗಿರಿ_ಅಸೆಂಬ್ಲರ್:
ಪವರ್ ಅಂತ ನಾನು ಮೊದಲ ದಿನವೇ ಹೇಳಿದ್ದೆ.

ಬೀದರ್_ಬೆಂಚು:
ಎಸ್‌ಎಂಪಿಎಸ್ ಅಂದಿರಿ. ಎಸ್‌ಎಂಪಿಎಸ್ ಸರಿ ಇದೆ, ಆಚೆಯ ಒಂದು ಗೇಣು ವೈರ್ ಕೆಟ್ಟಿದ್ದು. ಆದರೂ ದಿಕ್ಕು ಸರಿ ಇತ್ತು, ಒಪ್ಪುತ್ತೇನೆ.

ತತ್ವಪದ_ಕಲಬುರಗಿ:
ಬರೀ ಪವರ್ ಕೊಟ್ಟೆ. ಇಪ್ಪತ್ತು ನಿಮಿಷ ಪಕ್ಕದಲ್ಲೇ ಕೂತಿದ್ದೆ. ಒಂದು ಟಿಕ್ ಇಲ್ಲ. ಹಾಗಾದರೆ ಡಿಸ್ಕ್ ಸರಿ ಇದೆ ಅಂತಾನಾ? ಎಲ್ಲ ಫೈಲ್ ಎಳೆದು ಹಾಕಿಕೊಳ್ಳಲಾ?

ಬೀದರ್_ಬೆಂಚು:
ಇಲ್ಲ. ಆ 24 ಇನ್ನೂ ಬಾಕಿ ಇದೆ. ವಿಂಡೋಸ್‌ನಲ್ಲಿ ಎಳೆದರೆ ಕೆಟ್ಟ ಜಾಗಕ್ಕೆ ಬಂದು ಅಲ್ಲೇ ಗುದ್ದಾಡುತ್ತದೆ. ಲಿನಕ್ಸ್ ಮಿಂಟ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಡಿಡಿರೆಸ್ಕ್ಯೂ (ಕೆಟ್ಟ ಡಿಸ್ಕ್‌ನಿಂದ ಡೇಟಾ ಎತ್ತುವ ಸಾಫ್ಟ್‌ವೇರ್) ಓಡಿಸಿ. ಇಡೀ ಡಿಸ್ಕ್‌ನ ಇಮೇಜ್ (ಇದ್ದ ಹಾಗೇ ಪೂರ್ತಿ ನಕಲು) ತೆಗೆಯಲು 2 ಟಿಬಿಗಿಂತ ಜಾಸ್ತಿ ಖಾಲಿ ಇರುವ ಇನ್ನೊಂದು ಡಿಸ್ಕ್ ಬೇಕು. ಮ್ಯಾಪ್ ಫೈಲ್ ಕೊಡುವುದನ್ನು ಮಾತ್ರ ಮರೆಯಬೇಡಿ. ಎಲ್ಲಿ ಓದಿದೆ, ಎಲ್ಲಿ ಬಿಟ್ಟಿದೆ ಅನ್ನುವುದನ್ನು ಅದು ಬರೆದಿಟ್ಟುಕೊಳ್ಳುತ್ತದೆ, ಕರೆಂಟ್ ಹೋದರೂ ನಿಂತಲ್ಲಿಂದಲೇ ಶುರು. ಆ ಫೈಲನ್ನೂ ಹೊಸ ಡಿಸ್ಕ್‌ನಲ್ಲೇ ಇಡಿ, ಪೆನ್‌ಡ್ರೈವ್‌ನಿಂದ ಓಡುವ ಲಿನಕ್ಸ್ ಆಫ್ ಆದರೆ ಎಲ್ಲ ಮರೆಯುತ್ತದೆ. ಮೊದಲ ಸುತ್ತಿನಲ್ಲಿ ಚೆನ್ನಾಗಿರುವುದನ್ನೆಲ್ಲ ಬಾಚಿಕೊಳ್ಳಲಿ, ಕೆಟ್ಟ ಜಾಗವನ್ನು ಕೆದಕದೆ ಬಿಡಲಿ. ಎರಡನೇ ಸುತ್ತಿನಲ್ಲಿ ಅದಕ್ಕೆ ಮೂರು ಸಲ ಪ್ರಯತ್ನ ಸಾಕು. ಡಿಸ್ಕ್ ಮೇಲೆ ಟೇಬಲ್ ಫ್ಯಾನ್ ಬಿಡಿ, 45 ಡಿಗ್ರಿ ದಾಟದಂತೆ ನೋಡಿ.

ಒಂದು ಸಮಾಧಾನ. 24 ಅಂದರೆ ಎಂಟರ ಮೂರು ಮಡಿ. ಈಗಿನ ಡಿಸ್ಕ್‌ನಲ್ಲಿ ಒಂದು ನಿಜವಾದ ಸೆಕ್ಟರ್ 4096 ಬೈಟ್, ಹೊರಗೆ 512ರ ಎಂಟು ತುಂಡಾಗಿ ತೋರಿಸುತ್ತದೆ. ಹಾಗಾಗಿ ಕೆಟ್ಟಿರುವುದು ಮೂರೇ ಜಾಗ ಇರಬಹುದು. ರೆಕಾರ್ಡಿಂಗ್ ಯಾವ ಫಾರ್ಮ್ಯಾಟ್?

ತತ್ವಪದ_ಕಲಬುರಗಿ:
ವೇವ್. 44.1 ಕಿಲೋಹರ್ಟ್ಜ್, 16 ಬಿಟ್, ಸ್ಟೀರಿಯೊ.

ಬೀದರ್_ಬೆಂಚು:
ಹಾಗಾದರೆ ಸೆಕೆಂಡಿಗೆ 1,76,400 ಬೈಟ್. ಒಂದು ಸೆಕ್ಟರ್ ಹೋದರೆ ಸೆಕೆಂಡಿನ ನಲವತ್ತನೇ ಒಂದು ಭಾಗದಷ್ಟು ಹಾಡು. ಕಣ್ಣು ಮಿಟುಕಿಸುವಷ್ಟೂ ಅಲ್ಲ. ಧೈರ್ಯವಾಗಿರಿ.

ತತ್ವಪದ_ಕಲಬುರಗಿ:
ನಿನ್ನೆ ಮಧ್ಯಾಹ್ನ ಶುರು ಮಾಡಿದೆ. ಕರೆಂಟ್ ಎರಡು ಸಲ ಹೋಯಿತು, ಎರಡೂ ಸಲ ನಿಂತಲ್ಲಿಂದಲೇ ಎದ್ದಿತು. ಒಟ್ಟು ಎಂಟು ಗಂಟೆ ಹಿಡಿಯಿತು. ಮೊದಲ ಸುತ್ತಿಗೆ 12,288 ಬೈಟ್ ಉಳಿಯಿತು, ನೀವು ಹೇಳಿದ ಮೂರೇ ಜಾಗ! ಮೂರು ಪ್ರಯತ್ನದಲ್ಲಿ ಒಂದು ಓದಿತು. ಈಗ 8192 ಬೈಟ್ ಬಾಕಿ. 199 ಮೊದಲಿನಷ್ಟೇ ಇದೆ, ಒಂದೂ ಏರಿಲ್ಲ. ಆ ಎರಡು ಜಾಗ ಯಾವ ಫೈಲ್‌ನಲ್ಲಿವೆ ಅಂತ ತಿಳಿಯುವುದು ಹೇಗೆ?

ಬೀದರ್_ಬೆಂಚು:
ಇಮೇಜ್‌ನ ಇನ್ನೊಂದು ಕಾಪಿ ಮಾಡಿ. ಡಿಡಿರೆಸ್ಕ್ಯೂದಲ್ಲೇ ಫಿಲ್ ಮೋಡ್ ಇದೆ, ಓದದ ಜಾಗದಲ್ಲಿ ನೀವು ಕೊಟ್ಟ ಒಂದು ಗುರುತಿನ ಪದ ತುಂಬುತ್ತದೆ. ಆಮೇಲೆ ಎಲ್ಲ ಫೈಲ್‌ನಲ್ಲಿ ಆ ಪದ ಹುಡುಕಿಸಿ. ಸಿಕ್ಕ ಫೈಲ್ ಪೆಟ್ಟು ತಿಂದದ್ದು.

ತೊಗರಿ_ಕಣಜ:
ಸರಿ, ಇನ್ನು ಡಿಸ್ಕ್ ಬಳಸಬಹುದಾ? ಬಿಸಾಡಬೇಡಿ, 2 ಟಿಬಿ ಅದು.

ಯಾದಗಿರಿ_ಅಸೆಂಬ್ಲರ್:
ಫುಲ್ ಫಾರ್ಮ್ಯಾಟ್ ಮಾಡಿ, 197 ಸೊನ್ನೆಗೆ ಬಂದು 5ನೆಯದು ಸೊನ್ನೆಯಲ್ಲೇ ನಿಂತರೆ ಪವರ್ ಕುಸಿದಾಗ ಅರ್ಧ ಬರೆದ ಸೆಕ್ಟರ್ ಅವು, ಡಿಸ್ಕ್ ಗಟ್ಟಿ.

ಬೀದರ್_ಬೆಂಚು:
ಅದು ಸರಿ ಮಾತು. ಆದರೆ ಒಂದು ತಿಂಗಳು ಅಂಕಿ ನೋಡುತ್ತಿರಿ, ಒಂದೇ ಒಂದು ಏರಿದರೂ ನಂಬಬೇಡಿ. ಪದಗಳನ್ನು ಮಾತ್ರ ಇನ್ನು ಅದರಲ್ಲಿ ಇಡಬೇಡಿ.

ತತ್ವಪದ_ಕಲಬುರಗಿ:
ಗುರುತು ಹಾಕಿ ಹುಡುಕಿದೆ. ಒಂದು ಜಾಗ ಖಾಲಿ ಬಿದ್ದಿದ್ದು. ಇನ್ನೊಂದು ಚಿತ್ತಾಪುರದ ಕಡೆಯ 41 ನಿಮಿಷದ ರೆಕಾರ್ಡಿಂಗ್. ಮೊದಲ ಇಮೇಜ್‌ನಿಂದ ಅದನ್ನು ತೆಗೆದು ಹೆಡ್‌ಫೋನ್ ಹಾಕಿ ಕೇಳಿದೆ. 17ನೇ ನಿಮಿಷದಲ್ಲಿ ಒಂದು ಸಣ್ಣ ಚಟ್, ಅಜ್ಜ ಉಸಿರು ತೆಗೆದುಕೊಳ್ಳುವ ಹೊತ್ತಿಗೆ. ಪದದ ಒಂದಕ್ಷರವೂ ಹೋಗಿಲ್ಲ. ಅವರ ಮಗನಿಗೆ ಫೋನ್ ಮಾಡಿ ಕೇಳಿಸಿದೆ. ಇವತ್ತೇ ಎರಡು ಡಿಸ್ಕ್‌ಗೆ ಕಾಪಿ ಮಾಡಿದೆ, ಒಂದು ಜೇವರ್ಗಿಯಲ್ಲಿ ಅಕ್ಕನ ಮನೆಯಲ್ಲಿ ಇರುತ್ತದೆ. ಬೀದರ್‌ನವರೇ, ನಿಮ್ಮ ಋಣ ದೊಡ್ಡದು.

ಶಹಾಪುರ_ಪಿಸಿ:
ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಈಗ ನನ್ನ ಕ್ಯಾಬಿನೆಟ್ ತೆರೆದು ನೋಡಿದರೆ ನನಗೂ ಅಂಥದ್ದೇ ಎರಕದ ಕನ್ವರ್ಟರ್ ಹಾಕಿದ್ದಾರೆ, ಮುಟ್ಟಿದರೆ ಬೆಚ್ಚಗಿದೆ. ಆಫ್ ಮಾಡಿ ಕಿತ್ತಿದ್ದೇನೆ. ನನ್ನ ಎಸ್‌ಎಂಪಿಎಸ್‌ನಲ್ಲಿ ಸಾಟಾ ಪ್ಲಗ್ ಒಂದೇ ಇದೆ. ಒತ್ತಿ ಕೂರಿಸಿದ ಜಾತಿಯ ಕನ್ವರ್ಟರ್ ಯಾದಗಿರಿಯಲ್ಲಿ ಎಲ್ಲಿ ಸಿಗುತ್ತದೆ, ಯಾರಿಗಾದರೂ ಗೊತ್ತಾ?